ಜೀವಿಯನ್ನು ಮೊದಲು ಆರಿಸಿ, ತಿಂಗಳನ್ನು ಆಮೇಲೆ

ಪೆಸಿಫಿಕ್ ಸಾಗರದಲ್ಲಿರುವ ಎಕ್ವಡಾರ್ ದೇಶದ ಗಲಾಪಗೋಸ್ ದ್ವೀಪಗಳಿಗೆ ಹೋಗಲು ಕಡಲು ಶಾಂತವಾಗಿರುವ ಜನವರಿಯಿಂದ ಮಾರ್ಚ್‌ವರೆಗಿನ ಕಾಲವೇ ಉತ್ತಮವೆಂದು ಪ್ರವಾಸ ಲೇಖನವೊಂದರಲ್ಲಿ ಹೇಳಿರುವುದು ಪ್ರಯಾಣದ ಸುಖದ ದೃಷ್ಟಿಯಿಂದ ಸರಿಯೇ. ಆದರೆ ವನ್ಯಜೀವಿಗಳಿಗಾಗಿಯೇ ಅಷ್ಟು ದೂರ ಹೋಗುವವರು ಯಾವ ಜೀವಿಯನ್ನು ನೋಡಬೇಕೆಂದು ಮೊದಲು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಅಲ್ಲಿನ ಎಸ್ಪನೋಲಾ ದ್ವೀಪದಲ್ಲಿ ಮರಿಮಾಡುವ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳು ಆ ತಿಂಗಳುಗಳಲ್ಲಿ ಸಾಗರದ ಮೇಲಿದ್ದು, ಏಪ್ರಿಲ್ ಹೊತ್ತಿಗಷ್ಟೇ ಮರಳುತ್ತವೆ. ಫರ್ನಾಂಡಿನಾ ದ್ವೀಪವನ್ನಂತೂ ಬಿಡಲೇಬಾರದೆಂಬುದು ನನ್ನ ಅಭಿಪ್ರಾಯ: ಜನವಸತಿಯಿಲ್ಲದ ಈ ಜೀವಂತ ಜ್ವಾಲಾಮುಖಿಯ ಕಪ್ಪು ಲಾವಾ ಬಂಡೆಗಳ ಮೇಲೆ ಕಡಲ ಇಗ್ವಾನಾಗಳೆಂಬ ದೊಡ್ಡ ಹಲ್ಲಿಗಳು ಒಂದರ ಮೇಲೊಂದು ಮಲಗಿ ಮೂಗಿನಿಂದ ಉಪ್ಪುನೀರನ್ನು ಚಿಮ್ಮಿಸುತ್ತಿರುತ್ತವೆ, ಪಕ್ಕದಲ್ಲೇ ಹಾರಲಾರದ ನೀರುಕಾಗೆ ತನ್ನ ಮೋಟು ರೆಕ್ಕೆಗಳನ್ನು ಬಿಸಿಲಿಗೆ ಹರಡಿ ಒಣಗಿಸಿಕೊಳ್ಳುತ್ತದೆ. ಪ್ರಾಣಿಗಳಿಂದ 2 ಮೀಟರ್ ದೂರವಿರಬೇಕೆಂಬ ನಿಯಮವಿದೆ. ಅವಾಗಿಯೇ ಹತ್ತಿರ ಬಂದರೂ ಹಿಂದೆ ಸರಿಯಬೇಕಾದವರು ನಾವು. ಎಲ್ಲ ಹಡಗುಗಳೂ ಪಶ್ಚಿಮದಂಚಿನ ಈ ದ್ವೀಪಕ್ಕೆ ಹೋಗುವುದಿಲ್ಲವಾದ್ದರಿಂದ, ಹಣ ಕಟ್ಟುವ ಮೊದಲು ಅವುಗಳ ಮಾರ್ಗವನ್ನು ದಿನದಿನದ ವಿವರದೊಂದಿಗೆ ಕೇಳಿ ಪಡೆಯಿರಿ.