ದೀಪ ಆರಿತು, ನೀರು ಏರಿತು, ಅಂಕ ಬಿತ್ತು

ಧಾರವಾಡದ ಒಂದು ಹೈಸ್ಕೂಲಿನ ವಿಜ್ಞಾನ ವಸ್ತುಪ್ರದರ್ಶನ ನೋಡಿಕೊಂಡು ಈಗಷ್ಟೇ ಬಂದೆ. ಶಾಲೆಯ ಹೆಸರು ಬೇಡ, ಯಾವ ಶಾಲೆಗೆ ಹೋದರೂ ಇದೇ ಹಾಡು. ಒಂಬತ್ತನೇ ತರಗತಿಯ ಹುಡುಗಿ ಪರಾತದಾಗ ನೀರು ಹಾಕಿ, ನಡುವೆ ಮೇಣಬತ್ತಿ ಹಚ್ಚಿ, ಮೇಲೆ ಗ್ಲಾಸು ಬೋರಲು ಹಾಕಿದಳು. ದೀಪ ಆರಿತು, ನೀರು ಏರಿತು. “ಆಕ್ಸಿಜನ್ ಎಲ್ಲಾ ಖರ್ಚಾತ್ರಿ ಸರ್, ಆ ಜಾಗಕ್ಕ ನೀರು ಬಂತ್ರಿ. ಅದಕ್ಕ ಐದರಾಗ ಒಂದು ಪಾಲು ಏರೈತ್ರಿ.” ನಿರ್ಣಾಯಕರು ಗೋಣು ಹಾಕಿ, ಅಂಕ ಬರೆದು, ಮುಂದಿನ ಟೇಬಲ್ಲಿಗೆ ನಡೆದರು.

ಈ ವಿವರಣೆ ತಪ್ಪು, ಆದರೆ ಆ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ. ಗ್ಲಾಸು ಇಳಿಸುವಾಗ ಅಂಚಿನಿಂದ ಬುಳುಬುಳು ಗುಳ್ಳೆ ಎದ್ದವು, ಎಲ್ಲರ ಕಣ್ಣೆದುರೇ. “ಈ ಗುಳ್ಳೆ ಯಾಕ ಬಂದ್ವು ತಂಗಿ?” ಅಂತ ಒಬ್ಬರಾದರೂ ಕೇಳಬಾರದಾ?

ಲೆಕ್ಕ ಹಾಕ್ರಿ. ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ 21. ಅದು ಸುಮಾರು 16ಕ್ಕೆ ಇಳಿಯುವಷ್ಟರಲ್ಲಿ ಮೇಣಬತ್ತಿ ಆರುತ್ತದೆ, ಉಳಿದದ್ದು ಒಳಗೇ ಇರುತ್ತದೆ. ಹೋದ ಐದು ಪಾಲಿಗೆ ಬದಲಾಗಿ ಮೂರಕ್ಕಿಂತ ಹೆಚ್ಚು ಪಾಲು ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ, ಎರಡು ನಿಮಿಷದಲ್ಲಿ ಅದು ನೀರಿಗೆ ಕರಗುವುದೂ ಅಷ್ಟಕ್ಕಷ್ಟೇ. ಅಂದರೆ ಉರಿಯುವುದರಿಂದ ನೀರು ಏರಬೇಕಾದದ್ದು ನೂರಕ್ಕೆ ಎರಡರಷ್ಟೂ ಇಲ್ಲ. ಮಿಕ್ಕಿದ್ದೆಲ್ಲ ಬಿಸಿಯ ಕೆಲಸ. ಬಿಸಿಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಬೀಳುತ್ತದೆ, ದೀಪ ಆರಿದ ಮೇಲೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಒತ್ತಡ ನೀರನ್ನು ಒಳಕ್ಕೆ ದೂಡುತ್ತದೆ. ಅದಕ್ಕೇ ನೀರು ಸರ್ರನೆ ಏರುವುದು ದೀಪ ಆರುವ ಹೊತ್ತಿಗೆ, ಉರಿಯುವಾಗ ಅಲ್ಲ.

ನಂಬಿಕೆ ಇಲ್ಲದವರು ಅದೇ ಗ್ಲಾಸಿನ ಕೆಳಗೆ ಒಂದು, ಆಮೇಲೆ ಎರಡು, ಆಮೇಲೆ ಮೂರು ಮೇಣಬತ್ತಿ ಇಟ್ಟು ನೋಡ್ರಿ. ಗಾಳಿ ಅಷ್ಟೇ, ಆಕ್ಸಿಜನ್ ಅಷ್ಟೇ, ನೀರು ಮಾತ್ರ ಹೆಚ್ಚುಹೆಚ್ಚು ಏರುತ್ತದೆ. ಗ್ಲಾಸಿನ ಬಾಯಿ ಪರಾತಕ್ಕೆ ಒತ್ತಿಕೊಂಡರೆ ನೀರು ಒಳಗೇ ಹೋಗೋದಿಲ್ಲ, ಅಂಚಿನ ಕೆಳಗೆ ಎರಡು ನಾಣ್ಯ ಇಡ್ರಿ. ನೀರಿಗೆ ನಾಲ್ಕು ಹನಿ ಶಾಯಿ ಹಾಕಿದರೆ ಹಿಂದಿನ ಬೆಂಚಿಗೂ ಕಾಣುತ್ತದೆ.

ಇದು ಹೊಸ ಸುದ್ದಿಯೇನೂ ಅಲ್ಲ. ಅಮೆರಿಕದ ಅರಿಜೋನಾದಲ್ಲಿ ಬರ್ಕ್ ಮತ್ತು ಲಾಸನ್ ಎಂಬ ಸಂಶೋಧಕರು 1999ರಲ್ಲೇ ಈ ತಪ್ಪು ವಿವರಣೆ ಎಷ್ಟು ಗಟ್ಟಿಯಾಗಿ ಬೇರುಬಿಟ್ಟಿದೆ ಅಂತ ಬರೆದರು. ಏಬ್ರಹಾಮ್ಸ್ ಮತ್ತು ಮಿಲ್ಲರ್ ಎಂಬ ಸಂಶೋಧಕರು 2008ರಲ್ಲಿ ಇಂಗ್ಲೆಂಡಿನ ಹೈಸ್ಕೂಲುಗಳ 25 ಪ್ರಯೋಗದ ಪಾಠ ಕೂತು ನೋಡಿ ಹೇಳಿದ್ದೂ ಇಂಥದ್ದೇ: ಮಕ್ಕಳು ಹೇಳಿದ ಕೆಲಸ ಚೆನ್ನಾಗಿ ಮಾಡುತ್ತಾರೆ, ಅದರ ಹಿಂದಿನ ವಿಚಾರದ ಕಡೆ ಪಾಠ ಹೋಗುವುದೇ ಕಡಿಮೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1974ರಲ್ಲಿ ಬರೆದ ಹಾಗೆ ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿಬಿಡುತ್ತಾರೆ. ಮೂರು ಸೆಕೆಂಡು ರೀ! ಅದಕ್ಕೂ ಅನುದಾನ ಬೇಕೇನು?

“ಪೋರ್ಷನ್ ಯಾರು ಮುಗಿಸ್ತಾರ್ರಿ? ಎಸ್ಸೆಸ್ಸೆಲ್ಸಿ 80 ಅಂಕದ ಪೇಪರಿನಾಗ ಇದೆಲ್ಲಾ ಕೇಳ್ತಾರೇನು?” ಅಂತಾರೆ ಶಿಕ್ಷಕರು. ಒಪ್ಪಿದೆ, ಕೇಳೋದಿಲ್ಲ. ಆದರೆ ತಪ್ಪು ವಿವರಣೆ ಹೇಳೋದಕ್ಕೂ ಅಷ್ಟೇ ಹೊತ್ತು ಹೋಗ್ತದಲ್ಲಾ! ಹಚ್ಚುವ ಮೊದಲೇ “ಮೂರು ಬತ್ತಿ ಇಟ್ಟರೆ ನೀರು ಹೆಚ್ಚು ಏರ್ತದೋ, ಕಡಿಮೆನೋ, ಅಷ್ಟೇನೋ?” ಅಂತ ಕೇಳಿ, ಉತ್ತರವನ್ನು ಕಾರಣದ ಜೊತೆ ನೋಟ್‌ಬುಕ್ಕಿನಲ್ಲಿ ಬರೆಸಿ, ಆಮೇಲೆ ಮಾಡಿ ತೋರಿಸಿ. ಬರೆದದ್ದಕ್ಕೂ ಕಂಡದ್ದಕ್ಕೂ ತಾಳೆಯಾಗದಿದ್ದಾಗ ಮಕ್ಕಳೇ ಜಗಳ ತೆಗೀತಾರೆ. ಬರೆಸದಿದ್ದರೆ “ನಾನೂ ಹಂಗೇ ಅಂದಿದ್ನಿರಿ” ಅಂತ ಎಲ್ಲರೂ ಜಾರಿಕೊಳ್ಳುತ್ತಾರೆ.

ಇನ್ನು ಗಾಳಿಯ ಐದರಲ್ಲಿ ಒಂದು ಪಾಲು ಆಕ್ಸಿಜನ್ ಅಂತ ನಿಜವಾಗಿ ತೋರಿಸಲೇಬೇಕಂದ್ರೆ ಕಬ್ಬಿಣಕ್ಕೆ ತುಕ್ಕು ಹಿಡಿಸ್ರಿ, ತುಕ್ಕು ಆ ಆಕ್ಸಿಜನ್ ಹೀರಿಕೊಳ್ಳುತ್ತದೆ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರಬ್ಬರ್ ನಡೆಯೋದಿಲ್ಲ, ಅದು ತುಕ್ಕೇ ಹಿಡಿಯೋದಿಲ್ಲ. ಹುಬ್ಬಳ್ಳಿ ಗೋಕುಲ ರಸ್ತೆಯ ಯಾವುದಾದರೂ ಲೇಥ್ ಅಂಗಡಿಯಲ್ಲಿ ಒಂದು ಹಿಡಿ ಕಬ್ಬಿಣದ ಪುಡಿ ಕೇಳ್ರಿ. ಅದರ ಎಣ್ಣೆಯನ್ನು ಸಾಬೂನಿನಿಂದ ತೊಳೆಯದಿದ್ದರೆ ಪ್ರಯೋಗ ಕೆಡುತ್ತದೆ. ಒದ್ದೆ ಮಾಡಿದ ಟೆಸ್ಟ್ ಟ್ಯೂಬಿನ ತಳಕ್ಕೆ ಅದನ್ನು ಅಂಟಿಸಿ, ನೀರಿನಲ್ಲಿ ಬೋರಲು ಹಾಕಿ ಬಿಡ್ರಿ. 15 ಸೆಂಟಿಮೀಟರ್ ಟ್ಯೂಬಾದರೆ ನೀರು ಸುಮಾರು 3 ಸೆಂಟಿಮೀಟರ್ ಏರಿ ನಿಲ್ಲುತ್ತದೆ. ಅದಕ್ಕೆ ಕೆಲವು ದಿನ ಬೇಕು. ನಿರ್ಣಾಯಕರು ಒಂದು ಟೇಬಲ್ಲಿಗೆ ಕೊಡುವುದು ಎರಡು ನಿಮಿಷ, ಅದಕ್ಕೇ ಇರಬೇಕು ಇದನ್ನ ಪ್ರದರ್ಶನಕ್ಕ ಯಾರೂ ತರೋದಿಲ್ಲ.