ಸ್ಪಷ್ಟನೆ: ಎಫ್‌ಐಆರ್ ಇಲ್ಲದಿದ್ದರೂ ಮಗುವಿಗೆ ವೈದ್ಯಕೀಯ ಪರೀಕ್ಷೆ ಮಾಡಬೇಕು

‘ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವನ್ನು ಎಫ್‌ಐಆರ್ ಆಗುವವರೆಗೆ ಆಸ್ಪತ್ರೆಯಲ್ಲಿ ಪರೀಕ್ಷಿಸುವುದಿಲ್ಲ, ಮೊದಲು ಠಾಣೆಗೆ ಹೋಗಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ, 2012ರ ಕಲಂ 27ರ ಪ್ರಕಾರ ಎಫ್‌ಐಆರ್ ದಾಖಲಾಗದಿದ್ದರೂ ಪರೀಕ್ಷೆ ನಡೆಸಬೇಕು. ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು. ತಂದೆ, ತಾಯಿ ಅಥವಾ ಮಗು ನಂಬುವವರು ಜೊತೆಗಿರಬೇಕು. ತುರ್ತು ಚಿಕಿತ್ಸೆಗೆ ಪೊಲೀಸರ ಪತ್ರ ಕೇಳುವಂತಿಲ್ಲ ಎಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯದೂ ಹೊಣೆ.

ತಡವಾದಷ್ಟೂ ಜೈವಿಕ ಸಾಕ್ಷ್ಯ ಅಳಿಯುತ್ತದೆ. ಮಗುವಿಗೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಆ ಬಟ್ಟೆಯನ್ನು ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವ ಉಳಿದು ಕಲೆಗಳು ಕೆಡುತ್ತವೆ. ಆದರೆ ಸ್ನಾನವಾಗಿಬಿಟ್ಟಿದ್ದರೂ, ದಿನಗಳು ಕಳೆದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಗಾಯವಿಲ್ಲ ಎಂದಮಾತ್ರಕ್ಕೆ ದೌರ್ಜನ್ಯ ನಡೆದಿಲ್ಲವೆಂದಲ್ಲ. ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸಬೇಡಿ, ದಯವಿಟ್ಟು. ಮಕ್ಕಳ ಸಹಾಯವಾಣಿ: 1098.