ಮೂಲಪುರುಷ ಯಾವ ತಾಲ್ಲೂಕು?

ನಮ್ಮ ಕಡೆ ಮುತ್ತಜ್ಜನ ಹೆಸರು ಬೇಕಾಗೋದು ಎರಡೇ ಟೈಮಲ್ಲಿ. ಒಂದು, ಹೊಲದ ಪೌತಿ ಖಾತೆ, ಅಂದ್ರೆ ಸತ್ತೋರ ಹೆಸರಲ್ಲಿರೋ ಹೊಲನ ವಾರಸುದಾರರ ಹೆಸರಿಗೆ ಮಾಡಿಸುವಾಗ, ಇನ್ನೊಂದು, ಹೆಣ್ಣು ನೋಡೋಕೆ ಹೋದಾಗ ಆ ಕಡೆ ಹಿರಿಯರು ಎಲೆಡಿಕೆ ಹಾಕ್ಕೊಂಡು 'ನಿಮ್ದು ಮೂಲ ಯಾವೂರು ಗೌಡ್ರೆ' ಅಂತ ಶುರು ಮಾಡಿದಾಗ. ಉಳಿದ ಟೈಮಲ್ಲಿ ಮುತ್ತಜ್ಜನಿಗೆ ಯಾರ ಕಾಟನೂ ಇಲ್ಲ. ಮಹಾಲಯ ಅಮಾವಾಸ್ಯೆಗೆ ಎಡೆ ಇಡ್ತೀವಿ ನಿಜ, ಹೊಸ ಪಂಚೆ, ಹೊಸ ಸೀರೆ, ಹೋಳಿಗೆ, ಕರಿಗಡುಬು ಎಲ್ಲಾ ಇಟ್ಟು ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ಕೂರ್ತೀವಿ, ಆದ್ರೆ ಅದು 'ಹಿರೇರಿಗೆ' ಅಂತ ಎಲ್ಲರಿಗೂ ಸೇರಿಸಿ ಇಡೋ ಎಡೆ, ಒಳಗೆ ಯಾರ್ಯಾರು ಬಂದು ಉಂಡ್ರು ಅಂತ ಹಾಜರಿ ತಗೊಳೋರಿಲ್ಲ. ಬ್ರಾಹ್ಮಣ ಫ್ರೆಂಡ್ಸ್ ಮನೆಗಳಲ್ಲಿ ಶ್ರಾದ್ಧಕ್ಕೆ ಅಪ್ಪ, ಅಜ್ಜ, ಮುತ್ತಜ್ಜ ಅಂತ ಮೂರು ತಲೆಮಾರು ಹೆಸರಿಟ್ಟು ಕರೀತಾರೆ, ಅಲ್ಲೂ ಅಷ್ಟೇ, ಕೆಳಗೆ ಒಬ್ಬರು ಸೇರಿದ ಕೂಡ್ಲೇ ಮೇಲಿನೋರೊಬ್ಬರು ಲಿಸ್ಟಿಂದ ಔಟ್.

ನಮ್ಮನೇಲಿ ಮುತ್ತಜ್ಜ ಎದ್ದು ಬಂದಿದ್ದು ಪೌತಿ ಖಾತೆ ದೆಸೆಯಿಂದ. ಹರಿಹರದ ಹತ್ರ ಇರೋ ನಮ್ಮ ಹೊಲದ ಪಹಣಿ ಇನ್ನೂ ಅವನ ಹೆಸರಲ್ಲೇ ಇತ್ತು, 'ಬಸಪ್ಪ ಬಿನ್ ರುದ್ರಪ್ಪ' ಅಂತ. ಅವನು ಸತ್ತು ಯಾವ ಕಾಲ ಆಯ್ತೋ, ಸರ್ಕಾರದ ಪ್ರಕಾರ ಈಗ್ಲೂ ಆತನೇ ಮೆಕ್ಕೆಜೋಳ ಬೆಳೀತಿದಾನೆ. ಖಾತೆ ಬದಲಾಗ್ಬೇಕು ಅಂದ್ರೆ ವಂಶವೃಕ್ಷ ಬೇಕು, ಅದಕ್ಕೆ ಛಾಪಾ ಕಾಗದದ ಮೇಲೆ ಅಫಿಡವಿಟ್ಟು, ನೋಟರಿ, ನಾಡಕಚೇರಿ ಅರ್ಜಿ, ಆಮೇಲೆ ವಿಎ, ಅಂದ್ರೆ ಗ್ರಾಮ ಲೆಕ್ಕಿಗರು, ಬಂದು ಅಕ್ಕಪಕ್ಕದೋರ ಸೈನ್ ಹಾಕಿಸ್ಕೊಂಡು ಮಹಜರು. ದೊಡ್ಡಪ್ಪ ಹೇಳಿದ್ದನ್ನ ಬರ್ಕೊಳೋ ಕೆಲಸ ನಂದು.

ಬರೆಯೋಕೆ ಕೂತಾಗ ಗೊತ್ತಾಯ್ತು, ನಮ್ಮ ಮನೆತನದಲ್ಲಿ ಇರೋದೇ ಎರಡು ಹೆಸರು. ಅಜ್ಜನ ಹೆಸರು ಮೊಮ್ಮಗನಿಗೆ ಇಡ್ಬೇಕು ಅನ್ನೋ ಪದ್ಧತಿ ಇದೆಯಲ್ಲ, ಅದರಿಂದ ರುದ್ರಪ್ಪನ ಮಗ ಬಸಪ್ಪ, ಬಸಪ್ಪನ ಮಗ ರುದ್ರಪ್ಪ, ರುದ್ರಪ್ಪನ ಮಗ ಬಸಪ್ಪ, ಈ ಕೊನೇ ಬಸಪ್ಪನೇ ನಮ್ಮ ದೊಡ್ಡಪ್ಪ. ಅವರ ಮಗ ಲೆಕ್ಕದ ಪ್ರಕಾರ ರುದ್ರಪ್ಪ ಆಗ್ಬೇಕಿತ್ತು, ಸ್ಕೂಲಿಗೆ ಹಾಕುವಾಗ ಮೇಷ್ಟ್ರು ರುದ್ರೇಶ್ ಮಾಡಿದ್ರು. ಕಚೇರಿಲಿ ಕಾಗದ ನೋಡಿದ ಗುಮಾಸ್ತರು, ಏನ್ರೀ ಒಂದೇ ಸಾಲನ್ನ ಎರಡು ಸಲ ಟೈಪ್ ಮಾಡಿಸಿದೀರಿ ಅಂದ್ರು. ಅಣ್ಣತಮ್ಮಂದಿರು ಬೇರೆ, ಒಂದೇ ಅಜ್ಜನ ಹೆಸರು ಮೂರು ಜನ ಗಂಡುಮಕ್ಕಳೂ ತಮ್ಮ ತಮ್ಮ ಮಕ್ಕಳಿಗೆ ಇಟ್ಟಿರ್ತಾರೆ, ಹಂಗಾಗಿ ದೊಡ್ಡಬಸಪ್ಪ, ಸಣ್ಣಬಸಪ್ಪ, ಕರಿಬಸಪ್ಪ. ಇಷ್ಟೆಲ್ಲಾ ಮಾಡಿ ಇಟ್ಟ ಹೆಸರನ್ನ ಮನೇಲಿ ಬಾಯ್ಬಿಟ್ಟು ಕರೆಯೋ ಹಂಗೂ ಇರ್ಲಿಲ್ಲ, ಯಾಕಂದ್ರೆ ಸೊಸೆ ಮಾವನ ಹೆಸರು ಹೇಳ್ಬಾರ್ದು, ಮಗುಗೂ ಅದೇ ಹೆಸರು, ಅದಕ್ಕೆ ಅಜ್ಜಿ ತನ್ನ ಹೊಟ್ಟೇಲಿ ಹುಟ್ಟಿದ ಮಗನನ್ನ ಸಾಯೋವರೆಗೂ 'ಅಜ್ಜಯ್ಯ' ಅಂತಲೇ ಕರೀತಿದ್ಲು. ಎಪ್ಪತ್ತರ ಮೇಲಾದ ದೊಡ್ಡಪ್ಪ ಹುಟ್ಟಿದಾಗ್ಲಿಂದಾನೂ ಅಜ್ಜಯ್ಯನೇ.

ಗಂಡಸರ ಕತೆ ಇಷ್ಟು. ಹೆಂಗಸರ ಕಾಲಂಗೆ ಬಂದ್ರೆ ಇನ್ನೂ ಮಜಾ. ಮುತ್ತಜ್ಜಿ ಹೆಸರೇನು ದೊಡ್ಡಪ್ಪ ಅಂದ್ರೆ 'ಬಿದರಿಯಮ್ಮ' ಅಂದ್ರು, ಅದು ಹೆಸರಲ್ಲ, ಬಿದರಿ ಅನ್ನೋ ಊರಿಂದ ಬಂದೋಳು ಅಂತ. ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಮತ್ತೆ ಅತ್ತೆಯರ ಹೆಸರು ಬಂತು. ಹಿಂದೆ ಈ ವಂಶವೃಕ್ಷಗಳಲ್ಲಿ ಹೆಣ್ಮಕ್ಕಳನ್ನ ಬರೀತಾನೇ ಇರ್ಲಿಲ್ಲ. ಕರ್ನಾಟಕದಲ್ಲಿ 1994ರಲ್ಲಿ ಮದುವೆ ಆಗದ ಹೆಣ್ಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಅಂತ ಕಾನೂನು ಬಂತು, 2005ರಲ್ಲಿ ದೇಶಕ್ಕೆಲ್ಲ ಬಂತು, ಆಮೇಲೆ ಅವರ ಹೆಸರಿಲ್ದೆ ಯಾವ ಕಾಗದನೂ ಮುಂದಕ್ಕೆ ಹೋಗಲ್ಲ. ಹಿಂಗಾಗಿ ನಮ್ಮ ಇಬ್ಬರು ಅತ್ತೆಯರು ಮೊದಲನೇ ಸಲ ಅಪ್ಪನ ವಂಶಕ್ಕೆ ಸೇರಿದ್ರು. ಸೇರಿದ ಸ್ವಲ್ಪ ದಿನಕ್ಕೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದ್ರು. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಒಂದೊಂದು ಸೀರೆ. ದೊಡ್ಡತ್ತೆ ಸೀರೆ ಅಂಚು ಉಜ್ಜಿ ನೋಡಿ, 'ಎರಡೆಕ್ರೆ ತೂಕ ಐತೇನೋ ಇದು' ಅಂದ್ಲು. ಯಾರೂ ಮಾತಾಡ್ಲಿಲ್ಲ, ಎಲ್ರೂ ಹೋಟ್ಲಿಗೆ ಹೋಗಿ ಬೆಣ್ಣೆ ದೋಸೆ ತಿಂದು ಬಂದ್ವಿ.

ಈ ಗಲಾಟೆ ನಡೀತಿರೋವಾಗ್ಲೇ ನ್ಯೂಜೆರ್ಸಿಲಿರೋ ರುದ್ರೇಶಣ್ಣನ ಮಗಳದ್ದು ವಾಟ್ಸಾಪ್ ವಿಡಿಯೋ ಕಾಲ್. ಅವಳ ಸ್ಕೂಲಲ್ಲಿ ಪ್ರಾಜೆಕ್ಟ್ ಅಂತೆ, ನಿಮ್ಮ ಕುಟುಂಬದಲ್ಲಿ ವಲಸೆ ಬಂದೋರು ಯಾರು, ಎಲ್ಲಿಂದ, ಯಾಕೆ ಅಂತ ಬರೀಬೇಕು. ಅಲ್ಲಿ ಇದು ದೊಡ್ಡ ಹವ್ಯಾಸ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ 1892ರಿಂದ 1954ರವರೆಗೆ ಹಡಗಲ್ಲಿ ಬಂದು ಇಳಿದ 1 ಕೋಟಿ 20 ಲಕ್ಷಕ್ಕೂ ಜಾಸ್ತಿ ಜನರನ್ನ ತಪಾಸಣೆ ಮಾಡಿ ಒಳಗೆ ಬಿಟ್ರು, ಹಡಗಿನ ಪಟ್ಟಿಗಳು ಈಗ ಕಂಪ್ಯೂಟರಲ್ಲಿ ಸಿಗ್ತವೆ, ಇಟಲಿಯ ಯಾವುದೋ ಹಳ್ಳಿಯ ಚಮ್ಮಾರ ಕೈಯಲ್ಲೆಷ್ಟು ಡಾಲರ್ ಇಟ್ಕೊಂಡು ಇಳಿದ ಅನ್ನೋದೂ ಅದರಲ್ಲಿ ಬರೆದಿರುತ್ತೆ. ಜನಗಣತಿ ಹಾಳೆಗಳನ್ನೂ 72 ವರ್ಷ ಆದ್ಮೇಲೆ ಎಲ್ಲರಿಗೂ ತೆರೀತಾರೆ, 1950ರದ್ದನ್ನ 2022ರಲ್ಲಿ ತೆರೆದ್ರು. ಇವಳ ಕ್ಲಾಸ್‌ಮೇಟ್ ಒಬ್ಬ ತನ್ನ ಮುತ್ತಜ್ಜನ ಹಡಗಿನ ಫೋಟೋನೇ ತಂದಿದಾನೆ. ಇವಳ ಕಡೆ ಇರೋದು ಅವಳಪ್ಪ ಇನ್ನೂ ಎಸೀದೆ ಇಟ್ಟಿರೋ ಒಂದು ಬೋರ್ಡಿಂಗ್ ಪಾಸು.

'ನಿಮ್ಮ ಡ್ಯಾಡಿನೇ ವಲಸೆ ಹೋದೋನು, ಅವನ ಬಗ್ಗೆನೇ ಬರಿ ಪುಟ್ಟಿ' ಅಂದೆ. ದೊಡ್ಡಪ್ಪಂಗೆ ಸಿಟ್ಟು ಬಂತು. 'ಏಯ್, ನನ್ ಮಗ ಯಾಕ್ಲಾ ವಲಸೆ ಹೋಗ್ತಾನೆ? ಕೆಲ್ಸಕ್ಕೆ ಹೋಗಿದಾನೆ. ಗುಳೆ ಹೋಗೋರು ಬ್ಯಾರೆ.' ಗುಳೆ ಅಂದ್ರೆ ಅವರ ಕಣ್ಣಿಗೆ ಬರೋದು ರಾಯಚೂರು ಕಡೆಯಿಂದ ಗಂಟು ಮೂಟೆ ಕಟ್ಕೊಂಡು ಬೆಂಗಳೂರಿಗೆ ಮನೆ ಕಟ್ಟೋ ಕೆಲಸಕ್ಕೆ ಬರೋ ಜನ. ಆಮೇಲೆ ಶುರು ಮಾಡಿದ್ರು ನೋಡಿ, ನಾವು ಇದೇ ಮಣ್ಣಲ್ಲಿ ಹುಟ್ಟಿದೋರು, ಊರು ಕಟ್ಟಿದಾಗ್ಲಿಂದ ಇರೋರು, ಭದ್ರಾ ನಾಲೆ ಬಂದ್ಮೇಲೆ ಬಂದೋರಲ್ಲ ಅಂತ. ಆ ಕೊನೇ ಮಾತು ಕ್ಯಾಂಪಿನೋರಿಗೆ. ನಾಲೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು, ಜಾಲಿ ಗಿಡ ಕಿತ್ತು ಭತ್ತ ಹಚ್ಚಿ ನೆಲೆ ನಿಂತ ಜನ. ಅವರ ಮೊಮ್ಮಕ್ಕಳು ದೊಡ್ಡಪ್ಪನಿಗಿಂತ ಜೋರಾಗಿ ದಾವಣಗೆರೆ ಕನ್ನಡ ಮಾತಾಡ್ತಾರೆ, ರಾಜ್ಯೋತ್ಸವಕ್ಕೆ ಬಾವುಟ ಏರಿಸೋದೂ ಅವರೇ, ಆದ್ರೂ ದೊಡ್ಡಪ್ಪನ ಬಾಯಲ್ಲಿ 'ಹೊರಗಿನೋರು'.

ನಿಜ ಹೇಳ್ಬೇಕಂದ್ರೆ ಈ ರಾಜ್ಯದಲ್ಲಿ ಹೊರಗಿನೋರನ್ನ ಹುಡುಕ್ತಾ ಹೋದ್ರೆ ಒಳಗೆ ಉಳಿಯೋರು ಯಾರು ಅಂತ ನಂಗೆ ಅನುಮಾನ. ಹವ್ಯಕರು ಉತ್ತರದ ಅಹಿಚ್ಛತ್ರದಿಂದ ಕದಂಬರ ದೊರೆ ಮಯೂರವರ್ಮ ಕರ್ಕೊಂಡು ಬಂದ ಅಂತ ಹೇಳ್ಕೊಳ್ತಾರೆ, ಸಂಕೇತಿಗಳು ತಮಿಳುನಾಡಿನ ಸೆಂಗೋಟೆ ಕಡೆಯಿಂದ ನಾಚಾರಮ್ಮನ ಹಿಂದೆ ಬಂದ್ವಿ ಅಂತಾರೆ, ಮಂಗಳೂರಿನ ಕ್ಯಾಥೊಲಿಕ್ಕರ ಹಿರಿಯರು ಗೋವಾದಿಂದ, ಯಲ್ಲಾಪುರ ಹಳಿಯಾಳದ ಸಿದ್ದಿಗಳ ಹಿರಿಯರನ್ನ ಆಫ್ರಿಕಾದಿಂದ ಹಡಗಲ್ಲಿ ಹಿಡ್ಕೊಂಡು ಬಂದ್ರು, ಅವರಿಗಂತೂ ಯಾವ ಪಟ್ಟೀಲೂ ಹೆಸರಿಲ್ಲ. ಸಿಂಧನೂರಲ್ಲಿ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳಿವೆ, ಬೈಲಕುಪ್ಪೇಲಿ ಟಿಬೆಟ್ಟೇ ಇದೆ. ನಾವು ದೇವರ ಪಕ್ಕ ಫೋಟೋ ಹಾಕೋ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿ, ಆದ್ರೆ ಹೆಸರಿನ ಮುಂದಿನ 'ಎಂ' ಮುದ್ದೇನಹಳ್ಳೀದಲ್ಲ, ಹಿರಿಯರು ಬಿಟ್ಟು ಬಂದ ಆಂಧ್ರದ ಮೋಕ್ಷಗುಂಡಂದು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದ್ದು ಮರಾಠಿ. ಇವರನ್ನೆಲ್ಲ ಲಿಸ್ಟಿಂದ ತೆಗೆದು ದೊಡ್ಡಪ್ಪ ಒಬ್ರೇ ಕೂತ್ಕೊಂಡ್ರೆ ಕನ್ನಡ ನಾಡು ಬಣ ಬಣ ಅನ್ನುತ್ತೆ.

ಕೊನೆಗೆ ನಮ್ಮನೆಗೂ ಒಬ್ಬ ಸಾಕ್ಷಿ ಬಂದ. ಸುಗ್ಗಿ ಮುಗಿದು ಕಣ ಖಾಲಿಯಾದ್ಮೇಲೆ ಹೆಳವರು ಬರ್ತಾರೆ, ಗೊತ್ತಿರಬೇಕು ನಿಮಗೆ. ಎತ್ತಿಗೆ ಝೂಲ ಹಾಕಿ ಗಂಟೆ ಕಟ್ಟಿ, ಅದರ ಮೇಲೆ ಕಾಲು ಮುಚ್ಚೋ ಹಂಗೆ ಬಟ್ಟೆ ಹೊದ್ದು ಕೂತು ಮನೆ ಮುಂದೆ ಬಂದು ನಿಲ್ಲೋರು, ಕುಂಟರಿಗೆ ಬಸವಣ್ಣನವರು ಎತ್ತು ಕೊಡಿಸಿದ್ರು, ಅಲ್ಲಿಂದ ಬಂದ ಕಸುಬು ಅಂತ ಅವರಲ್ಲಿ ಕತೆ. ಒಂದೊಂದು ಹೆಳವರ ಮನೆಗೆ ಇಂತಿಂತಾ ಊರು, ಇಂತಿಂತಾ ಮನೆತನ ಅಂತ ಹಂಚಿಕೆ ಇರುತ್ತೆ, ಒಬ್ಬರ ಒಕ್ಕಲಿಗೆ ಇನ್ನೊಬ್ಬರು ಕೈ ಹಾಕಲ್ಲ. ಬಂದು ಆ ಮನೆ ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದೋರ ಹೆಸರು ಸೇರಿಸ್ಕೊಂಡು, ಕಾಳು, ಬಟ್ಟೆ, ದುಡ್ಡು, ಕೆಲವು ಕಡೆ ಕರುನೂ ತಗೊಂಡು ಹೋಗ್ತಾರೆ. ನಮ್ಮ ಮನೆ ಹೆಳವಪ್ಪ ಬಂದಿದ್ದು ಟಿವಿಎಸ್ ಎಕ್ಸೆಲ್ ಮೇಲೆ. ಎತ್ತು ಸಾಕೋದು ಈಗ ಯಾರ ಕೈಲಾಗುತ್ತೆ. ಚೀಲದಿಂದ ಅಂಗಡಿ ಲೆಕ್ಕ ಬರೆಯೋ ಉದ್ದನೆ ಕೆಂಪು ರಟ್ಟಿನ ಪುಸ್ತಕ ತೆಗೆದ, ಅಂಚೆಲ್ಲ ಬೆವರಿಗೆ ಕಪ್ಪಾಗಿತ್ತು. ಆದ್ರೆ ಪುಸ್ತಕ ನೋಡ್ಲಿಲ್ಲ, ಮುಚ್ಚೇ ಇಟ್ಕೊಂಡು, ಕಣ್ಣು ಮೇಲೆ ಮಾಡಿ ಒಂದೇ ಉಸಿರಲ್ಲಿ ಓಡಿಸಿದ. ಎಲ್ಲಿ ತಡೆದು ಏನು ಕೇಳೋಣ ಅನ್ನೋದರೊಳಗೆ ಎರಡು ಬಸಪ್ಪ ಮುಗಿದು ಹೋಗಿರೋರು.

ಅವನ ಪ್ರಕಾರ ಮೊದಲನೇ ರುದ್ರಪ್ಪ ಇಲ್ಲಿಯೋನೇ ಅಲ್ಲ. ಹೊಳೆ ಆಚೆ, ರಾಣೆಬೆನ್ನೂರು ಸೀಮೆಯೋನು. ಈಶ್ವರ ಸಂವತ್ಸರದ ಬರ ಕಳೆದ ಮೇಲೆ ಒಂದೇ ಎತ್ತು, ಹೆಂಡ್ತಿ, ಕಂಕುಳಲ್ಲೊಂದು ಕೂಸು ಕಟ್ಕೊಂಡು ತುಂಗಭದ್ರೆ ದಾಟಿ ಈ ಕಡೆ ಬಂದೋನು. ಮನೇಲಿ ಯಾರಿಗೂ ಈ ವಿಷಯ ಗೊತ್ತಿರ್ಲಿಲ್ಲ. ನಾನು ಲೆಕ್ಕ ಹಾಕಿ ನೋಡಿದೆ, ಧಾತು, ಈಶ್ವರ ಸಂವತ್ಸರಗಳ ಬರ ಅಂದ್ರೆ 1876ರಿಂದ 78, ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಗೆ 50 ಲಕ್ಷ ಇದ್ದ ಜನ 1881ಕ್ಕೆ ಹತ್ರ ಹತ್ರ 42 ಲಕ್ಷಕ್ಕೆ ಇಳಿದಿದ್ರು, ಊರೂರಲ್ಲಿ ಹೊಲ ಬೀಳು ಬಿದ್ದಿರ್ಬೇಕು, ಉಳೋರು ಬೇಕಾಗಿರ್ಬೇಕು. ಆಗ ಹೊಳೆ ಆಚೆ ಬಾಂಬೆ ಸರ್ಕಾರ, ಈಚೆ ಮೈಸೂರು, 1956ರವರೆಗೂ ಹಂಗೇ ಇತ್ತಲ್ಲ. ಅಂದ್ರೆ ನಮ್ಮ ರುದ್ರಪ್ಪ ಒಂದೆತ್ತು ಕಟ್ಕೊಂಡು ಒಂದು ಸರ್ಕಾರ ಬಿಟ್ಟು ಇನ್ನೊಂದು ಸರ್ಕಾರಕ್ಕೆ ಬಂದೋನು, ಯಾವ ಎಲ್ಲಿಸ್ ದ್ವೀಪದಲ್ಲೂ ಅವನ ಹೆಸರು ಬರ್ಕೊಂಡಿಲ್ಲ ಅಷ್ಟೇ. ದೊಡ್ಡಪ್ಪನ ಭಾಷೇಲಿ ಹೇಳಿದ್ರೆ ಪಕ್ಕಾ ಗುಳೆ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಕ್ಯಾಂಪಿನೋರ ಬಗ್ಗೆ ಈಗೇನಾದ್ರೂ ಹೇಳ್ತಾರೇನೋ ಅಂತ ಕಾದೆ. 'ಹಂಗಾರೆ ಹೊಳೆ ಆಚೆ ನಮ್ದು ಹೊಲ ಇರ್ಬೇಕಲ್ಲೋ' ಅಂದ್ರು. ಆ ಊರಿನ ಪಹಣಿ ಮೊಬೈಲಲ್ಲಿ ತೆಗೆಯೋಕೆ ಬರುತ್ತಾ ನೋಡು ಅಂತ ನಂಗೆ ಹೇಳಿದ್ರು.

ನಂಗೆ ಮಾತ್ರ ಆ ಹೆಂಡ್ತಿ ಯಾರು ಅನ್ನೋದೇ ತಲೇಲಿ. ಹತ್ತು ತಲೆಮಾರು ಹಿಂದಕ್ಕೆ ಹೋದ್ರೆ ಲೆಕ್ಕದ ಪ್ರಕಾರ ಒಬ್ಬೊಬ್ಬರಿಗೂ 1,024 ಜನ ಹಿರಿಯರು, ಸೋದರಿಕೆ ಸಂಬಂಧದಲ್ಲಿ ಮದುವೆ ಮಾಡ್ಕೊಂಡು ಒಂದಿಷ್ಟು ಕಮ್ಮಿ ಮಾಡ್ಕೊಂಡಿರ್ತೀವಿ ಬಿಡಿ. ಅಷ್ಟರಲ್ಲಿ ಒಬ್ಬನನ್ನ ಹಿಡಿದು ಮೂಲಪುರುಷ ಅಂತ ಕೂರಿಸಿ ಉಳಿದೋರನ್ನೆಲ್ಲ ಕೈಬಿಟ್ಟಿದೀವಿ. ರುದ್ರೇಶಣ್ಣ ಅಲ್ಲಿ ಎಂಜಲು ಕಳಿಸಿ ಡಿಎನ್ಎ ಟೆಸ್ಟ್ ಬೇರೆ ಮಾಡಿಸಿದ್ದ. ಬಂದ ಮ್ಯಾಪಲ್ಲಿ ದಕ್ಷಿಣ ಭಾರತದ ಮೇಲೆಲ್ಲಾ ಒಂದೇ ಬಣ್ಣ ಬಳಿದಿತ್ತು, ಹರಿಹರ ಯಾವುದು ರಾಣೆಬೆನ್ನೂರು ಯಾವುದು ಅಂತ ಅದಕ್ಕೇನು ಗೊತ್ತು. ದುಡ್ಡು ಕೊಟ್ಟು ಇದನ್ನ ತಿಳ್ಕೋಬೇಕಿತ್ತಾ ಅಂತ ಅತ್ತಿಗೆ ಬೈದ್ಳಂತೆ.

ಹೆಳವಪ್ಪನ್ನ ಕೇಳಿದೆ, ರುದ್ರಪ್ಪನ ಹೆಂಡ್ತಿ ಹೆಸರಿದೆಯಾ ಅಂತ. ಪುಸ್ತಕ ತೆಗೆದು ಬೆರಳು ಆಡಿಸಿ, 'ನಮ್ಮಪ್ಪಾರು ಬರ್ದಿಲ್ರಿ' ಅಂದ. ಈಗ ಹುಟ್ಟೋ ಹೆಣ್ಮಕ್ಕಳನ್ನ ಬರೀತೀಯಾ? 'ಬರೀತೀವ್ರಿ, ಈಗ ಎಲ್ರೂ ಕೇಳ್ತಾರೆ.' ಹಂಗಾದ್ರೆ ಬರ್ಕೋ, ರುದ್ರೇಶಪ್ಪನ ಮಗಳು ಅನ್ವಿತಾ ಅಂದೆ. ಬರ್ಕೊಂಡ. ಊರು? ಎಡಿಸನ್. ತಾಲ್ಲೂಕು? ನಾನು ಯೋಚನೆ ಮಾಡ್ತಾ ಇದ್ದೆ, ಅಷ್ಟರಲ್ಲಿ ಅವನೇ ತಲೆ ಎತ್ತಿ, 'ನ್ಯೂಜೆರ್ಸಿಯಾ? ನಮ್ಮ ಒಕ್ಕಲು ಆ ಕಡೆ ಇನ್ನೂ ನಾಕು ಮನೆ ಅದಾವ್ರಿ' ಅಂದು 'ತಾ॥ ನ್ಯೂಜೆರ್ಸಿ, ಜಿ॥ ಅಮೆರಿಕ' ಅಂತ ತುಂಬಿಸಿದ. ಚಿಕ್ಕಮ್ಮ ಮೊರದಲ್ಲಿ ಜೋಳ ತಂದು ಸುರಿದ್ರು, ದೊಡ್ಡಪ್ಪ ಐನೂರರ ನೋಟು ಕೊಟ್ಟು ಪಂಚೆ ಹೊದಿಸಿದ್ರು. ಅವನು ಜೋಳದ ಚೀಲ ಗಾಡಿಗೆ ಬಿಗಿದು, ಜೇಬಿಂದ ಫೋನ್ ತೆಗೆದು ಕ್ಯೂಆರ್ ಕೋಡ್ ತೋರಿಸ್ದ. 'ಇದು ನಿಮ್ ಮನೇದಾತು. ಅಮೆರಿಕದ ಮನೆ ಕಾಣಿಕೆ ಬ್ಯಾರೆ ಬರ್ಬೇಕ್ರಿ, ಅವರು ಬೇರೆ ಆದೋರಲ್ಲ?'